ರೇಷ್ಮೆ ಕೌಂಟರಿನ ಸ್ಟೂಲು

ನಾನು ಒಂದು ಸ್ಟೂಲು. ನಾಲ್ಕು ಕಬ್ಬಿಣದ ಕಾಲು, ಕೂತವರು ಪಾದ ಊರಲೆಂದು ನಡುವೆ ಒಂದು ಬಳೆ, ಮೇಲೆ ಕೆಂಪು ರೆಕ್ಸಿನ್ ಹೊದಿಸಿದ ದುಂಡನೆಯ ಸೀಟು. ನೋಡಲು ಅಂಥ ಚೆಲುವೇನೂ ಇಲ್ಲ. ಆದರೆ ಕೂತವರನ್ನು ಬೀಳಿಸುವ ಜಾಯಮಾನ ನನ್ನದಲ್ಲ. ಇದನ್ನು ಜಂಬದಿಂದ ಹೇಳಿಕೊಳ್ಳಲೂ ನನಗೆ ನಾಚಿಕೆ. ಏಕೆಂದರೆ ನನ್ನ ಇಡೀ ಆಯುಸ್ಸಿನಲ್ಲಿ ನನ್ನ ಮೇಲೆ ಕೂತವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ನಾನು ಹುಟ್ಟಿದ್ದು ತುಮಕೂರಿನ ಹೊರವಲಯದ ಒಂದು ತಗಡಿನ ಶೆಡ್ಡಿನಲ್ಲಿ. ನನ್ನನ್ನು ವೆಲ್ಡ್ ಮಾಡಿದವರು ನಬೀಸಾಬರು ಎಂಬ ಹಿರಿಯರು. ಬೆಸುಗೆ ಆರಿದ ಮೇಲೆ ಅವರು ಪ್ರತಿಯೊಂದು ಸ್ಟೂಲಿನ ಮೇಲೂ ತಾವೇ ಕೂತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ಎಲ್ಲಾದರೂ ಕಿರುಗುಟ್ಟುತ್ತದೆಯೇ ಎಂದು ಕಿವಿಗೊಡುತ್ತಿದ್ದರು. ನನ್ನ ಮೇಲೆ ಕೂತವರು ಅಲ್ಲೇ ಒಂದು ಬೀಡಿ ಪೂರ್ತಿ ಸೇದಿದರು. ಅವರ ಭಾರ ನಾಲ್ಕು ಕಾಲಿಗೂ ಸಮನಾಗಿ ಇಳಿಯಿತು. ಓಹೋ, ನಾನು ಹುಟ್ಟಿದ್ದು ಇದಕ್ಕೇ ಎಂದು ಆಗ ತಿಳಿಯಿತು. ಆ ಸುಖ ಎರಡು ಬೀಡಿಯ ಹೊತ್ತು ಇರಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ.

ಒಟ್ಟು ಹದಿನಾರು ಜನ ನಾವು, ಒಂದೇ ಅಚ್ಚಿನವರು. ಆರ್ಡರು ಅವಸರದ್ದಾಗಿತ್ತು. ನಿಂತು ಕೆಲಸ ಮಾಡುವವರಿಗೆ ಕೂರಲು ಆಸನ ಇಟ್ಟಿರಬೇಕೆಂಬ ಕಾನೂನು ಇದೆಯಂತೆ, ಯಾರೋ ನೆನಪಿಸಿದ್ದರಂತೆ. ನಮ್ಮನ್ನು ಸೀಟಿಗೊಂದು ಪ್ಲಾಸ್ಟಿಕ್ ಚೀಲ ಸುತ್ತಿ ಗೂಡ್ಸ್ ಆಟೋದಲ್ಲಿ ತುಂಬಿದರು. ಪೇಟೆಯ ನಡುವಿನ ನಾಲ್ಕು ಮಹಡಿಯ ಬಟ್ಟೆ ಅಂಗಡಿಯ ಹಿಂಬಾಗಿಲಲ್ಲಿ ಇಳಿಸಿದರು. ಅಂಗಡಿಯ ಹೆಸರು ಹೇಳುವುದಿಲ್ಲ. ಎಂಟು ಊರಲ್ಲಿ ಶೋರೂಮು ಇರುವ ಕಂಪನಿ ಅದು. ಅಲ್ಲಿ ಕೆಲಸ ಮಾಡುವವರು ಅದನ್ನು ಕಂಪ್ನಿ ಎಂದೇ ಕರೆಯುತ್ತಿದ್ದರು, ಮನೆಯಲ್ಲಿ ಬಿಗಿಯಾದ ಮಾವನ ಹೆಸರು ಹೇಳದೆ ಅವರು ಎನ್ನುತ್ತಾರಲ್ಲ, ಹಾಗೆ.

ನಮ್ಮ ಹದಿನಾರು ಜನರನ್ನೂ ಎರಡನೆಯ ಮಹಡಿಯ ರೇಷ್ಮೆ ಕೌಂಟರಿನ ಹಿಂದೆ ಇಟ್ಟರು. ಆ ಮಹಡಿಯ ಮ್ಯಾನೇಜರು ಷಡಕ್ಷರಿ. ಹೊಳೆಯುವ ಕಪ್ಪು ಬೂಟು, ಬೂಟಿನ ಹಿಮ್ಮಡಿಗೆ ಕಬ್ಬಿಣದ ಲಾಳ. ಅವರು ಬರುವುದು ಕಾಣುವ ಮೊದಲೇ ಕೇಳುತ್ತಿತ್ತು. ಅವರು ನನ್ನನ್ನು ತಟ್ಟಿ ನೋಡಿ, ಚೆನ್ನಾಗಿದೆ ಎಂದರು. ಆಮೇಲೆ ಕೌಂಟರಿನ ಹೆಂಗಸರ ಕಡೆ ತಿರುಗಿ, ಪ್ಲಾಸ್ಟಿಕ್ ಬಿಚ್ಚಬೇಡಿ ಎಂದರು. ಇದರ ಅರ್ಥ ನನಗೆ ಆವತ್ತು ಆಗಲಿಲ್ಲ. ಹೆಂಗಸರಿಗೆ ತಕ್ಷಣ ಆಯಿತು.

ನನ್ನ ಎತ್ತರಕ್ಕೆ ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ. ಮಂಡಿಯಿಂದ ಕೆಳಗಿನದು ಮಾತ್ರ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ನಾನು ಜನರನ್ನು ಪಾದದಿಂದ ಗುರುತಿಸುವುದನ್ನು ಕಲಿತೆ. ರೇಷ್ಮೆ ಮಹಡಿಯಲ್ಲಿ ಕೆಲಸದವರಿಗೆ ಚಪ್ಪಲಿ ಇಲ್ಲ. ಗಾಢ ಕೆಂಪು ಕಾರ್ಪೆಟ್ಟಿನ ಮೇಲೆ ಬರಿಗಾಲಲ್ಲೇ ನಿಲ್ಲಬೇಕು. ಗಿರಾಕಿಗಳು ಎದುರಿನ ಮೆತ್ತನೆಯ ಸೋಫಾದಲ್ಲಿ ಕೂತು, ಕಾಲ ಮೇಲೆ ಕಾಲು ಹಾಕಿ, ಅದು ತೋರಿಸಿ ಇದು ತೋರಿಸಿ ಎನ್ನುತ್ತಾರೆ. ಕೌಂಟರಿನ ಈಚೆ ಹನ್ನೊಂದು ಗಂಟೆ ಹೊತ್ತು ಯಾರೂ ಕೂರುವುದಿಲ್ಲ. ಗಿರಾಕಿ ಇಲ್ಲದಾಗಲೂ ಇಲ್ಲ. ಕೂತರೆ ಅಂಗಡಿಗೆ ಸೋಮಾರಿತನದ ಕಳೆ ಬರುತ್ತದೆ ಎಂದು ಷಡಕ್ಷರಿ ಹೇಳುತ್ತಿದ್ದರು. ಮೂಲೆಯಲ್ಲಿ ಒಂದು ಕ್ಯಾಮೆರಾ ಇತ್ತು. ಗೋಡೆಗೆ ಒರಗಿದರೂ ಅದಕ್ಕೆ ಗೊತ್ತಾಗುತ್ತಿತ್ತು.

ಹಾಗಾದರೆ ನನ್ನ ಕೆಲಸವೇನು? ಮೇಲಿನ ಅರೆಯಿಂದ ಸೀರೆ ಪೆಟ್ಟಿಗೆ ಇಳಿಸಲು ನನ್ನ ಮೇಲೆ ಹತ್ತುತ್ತಿದ್ದರು. ಸೊಂಟ ಕಳಚಿದ ಬೊಂಬೆಯ ಮೇಲರ್ಧವನ್ನು ನನ್ನ ಮೇಲೆ ಇಡುತ್ತಿದ್ದರು. ಶುಕ್ರವಾರ ಅಂಗಡಿಯ ಲಕ್ಷ್ಮಿಗೆ ಪೂಜೆ ಮಾಡುವಾಗ ಕುಂಕುಮದ ನೀರಿನ ಆರತಿ ತಟ್ಟೆಗೆ ನಾನೇ ಪೀಠ. ಬೊಂಬೆ ಕೂತಿತು, ತಟ್ಟೆ ಕೂತಿತು. ಮನುಷ್ಯರು ಕೂರಲಿಲ್ಲ. ಪ್ಲಾಸ್ಟಿಕ್ಕಿನೊಳಗೆ ಬೆವರುತ್ತಾ ನಾನು ಕಾಯುತ್ತಿದ್ದೆ.

ನಾನು ಮೊದಲು ಗುರುತಿಟ್ಟುಕೊಂಡ ಪಾದ ಶಿವರತ್ನಳದು. ಅಗಲವಾದ ಪಾದ, ಎರಡು ಬೆರಳಿಗೂ ಸವೆದ ಬೆಳ್ಳಿ ಕಾಲುಂಗುರ. ನಾನು ಬರುವ ಹೊತ್ತಿಗೇ ಆರು ವರ್ಷದಿಂದ ಆ ಕೌಂಟರಿನಲ್ಲಿ ನಿಂತವಳು. ಅವಳು ಸೀರೆ ಬಿಚ್ಚಿ ತೋರಿಸುವುದನ್ನು ನೋಡಲೆಂದೇ ಕೆಲವರು ಬರುತ್ತಿದ್ದರು. ಒಂದು ಸಲ ಕೈ ಬೀಸಿದರೆ ಸೆರಗು ಗಿರಾಕಿಯ ಮಡಿಲಿನವರೆಗೆ ಹರಡುತ್ತಿತ್ತು. ಐವತ್ತು ಸೀರೆ ತೆಗೆಸಿ, ಯಾವುದೂ ಹಿಡಿಸಲಿಲ್ಲ ಎಂದು ಎದ್ದುಹೋದವರ ಹಿಂದೆಯೂ ಅವಳು ಗೊಣಗಿದ್ದನ್ನು ನಾನು ಕೇಳಿಲ್ಲ. ಮತ್ತೆ ಐವತ್ತನ್ನೂ ಮಡಿಸಿಡುತ್ತಿದ್ದಳು. ಅವಳ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಕೋಮಲ, ಇಪ್ಪತ್ತಾರರ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವಳ ಪಾದ ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸುತ್ತಲೇ ಇರುತ್ತಿದ್ದಳು. ಶಿವರತ್ನಳ ಪಾದ ಮಾತ್ರ ಕದಲುತ್ತಿರಲಿಲ್ಲ. ಅದು ತಾಳ್ಮೆ ಎಂದುಕೊಂಡಿದ್ದೆ. ನೋವು ಹೆಚ್ಚಾದಾಗ ಕದಲಿಸಲು ಹೆದರಿಕೆಯಾಗುತ್ತದೆ ಎಂಬುದು ಆಮೇಲೆ ತಿಳಿಯಿತು.

ಅವಳ ಎಡಗಾಲನ್ನು ನನ್ನಷ್ಟು ಹತ್ತಿರದಿಂದ ಕಂಡವರು ಆ ಕಂಪನಿಯಲ್ಲಿ ಬೇರೆ ಯಾರೂ ಇಲ್ಲ. ಪೆಟ್ಟಿಗೆ ಇಳಿಸಲು ಅವಳು ನನ್ನ ಮೇಲೆ ಹತ್ತುವಾಗ ಸೀರೆಯ ಅಂಚು ಮೇಲೆ ಸರಿಯುತ್ತಿತ್ತು. ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಉಬ್ಬಿ, ಎರೆಹುಳುಗಳಂತೆ ಸುತ್ತಿಕೊಂಡಿದ್ದವು. ನಾನು ಬಂದ ವರ್ಷ ಅವು ಮಂಡಿಯ ಕೆಳಗಷ್ಟೇ ಇದ್ದವು. ಮರುವರ್ಷ ಗಿಣ್ಣಿನವರೆಗೆ ಇಳಿದವು. ಗಿಣ್ಣಿನ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿ, ತೆಳುವಾಗಿ, ಹೊಳೆಯತೊಡಗಿತು. ಅದರ ನಡುವೆ ಒಂದು ಕಡೆ ನರವೊಂದು ಚರ್ಮಕ್ಕೆ ಎಷ್ಟು ಹತ್ತಿರ ಬಂದಿತ್ತೆಂದರೆ, ಅದು ಮಿಡಿಯುತ್ತಿರುವಂತೆ ನನಗೆ ಕಾಣುತ್ತಿತ್ತು. ನನಗೆ ಹೆದರಿಕೆಯಾಗುತ್ತಿತ್ತು. ಹೇಳಲು ಬಾಯಿಲ್ಲ.

ಅವಳು ಡಾಕ್ಟರಿಗೆ ತೋರಿಸಲಿಲ್ಲ ಎನ್ನಬೇಡಿ, ತೋರಿಸಿದಳು. ಆಪರೇಷನ್ ಆಗಬೇಕು, ಹದಿನೈದು ದಿನ ರಜೆ ಬೇಕು, ಅಲ್ಲಿಯವರೆಗೆ ಗಂಟೆಗೊಮ್ಮೆಯಾದರೂ ಕೂತು ಕಾಲೆತ್ತಿ ಇಟ್ಟುಕೊಳ್ಳಬೇಕು ಎಂದರಂತೆ. ಇದನ್ನು ಅವಳು ಕೋಮಲಳಿಗೆ ನಗುತ್ತಲೇ ಹೇಳಿದಳು. ಕಾಲೆತ್ತಿ ಇಡುವುದು ಹಾಗಿರಲಿ, ಇಳಿಸಿ ಇಡುವುದಕ್ಕೇ ಜಾಗವಿಲ್ಲ ಎಂದಳು. ರಜೆಯ ಚೀಟಿ ಬರೆದು ಷಡಕ್ಷರಿಯ ಕೈಗೆ ಕೊಟ್ಟಾಗ ಆಷಾಢ ನಡೆಯುತ್ತಿತ್ತು.

"ಆಷಾಢದ ಸೇಲು ಮುಗೀಲಮ್ಮ," ಎಂದರು ಅವರು.

ಆಷಾಢ ಮುಗಿದರೆ ಶ್ರಾವಣ, ವರಮಹಾಲಕ್ಷ್ಮಿ. ಅದು ರೇಷ್ಮೆ ಕೌಂಟರಿನ ಸುಗ್ಗಿ. ಆಮೇಲೆ ಗೌರಿಹಬ್ಬದ ಬಾಗಿನದ ಸೀರೆಗಳು. ಅದು ಮುಗಿಯುವಷ್ಟರಲ್ಲಿ ದಸರೆ, ದಸರೆಯ ಬೆನ್ನಿಗೆ ದೀಪಾವಳಿ, ದೀಪಾವಳಿ ಆಗುತ್ತಲೇ ಮದುವೆಗಳು. ಮದುವೆ ಮುಗಿದರೆ ಯುಗಾದಿ. ಆಗಾಗ ಅವಳು ಕೇಳುತ್ತಿದ್ದಳು, ಅವರು ಹಬ್ಬ ಮುಗೀಲಿ ಎನ್ನುತ್ತಿದ್ದರು. ಕಲ್ಲು ಮನಸ್ಸಿನ ಮನುಷ್ಯರಲ್ಲ ಅವರು, ಕೆಟ್ಟ ಮಾತು ಆಡಿದವರೂ ಅಲ್ಲ. ಈ ದೇಶದಲ್ಲಿ ಹಬ್ಬ ಮುಗಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಚೀಟಿ ಕೊಡದೆ ರಜೆ ಹಾಕಬಹುದಿತ್ತಲ್ಲ ಎಂದರೆ, ಹಾಗೆ ಹೋದ ಇಬ್ಬರು ವಾಪಸು ಬಂದಾಗ ಅವರ ಜಾಗದಲ್ಲಿ ಬೇರೆಯವರು ನಿಂತಿದ್ದರು. ಶಿವರತ್ನಳ ಮನೆಯಲ್ಲಿ ದುಡಿಯುವ ಕೈ ಅವಳದೊಂದೇ.

ಮೂರನೆಯ ವರ್ಷದ ಒಂದು ಬೆಳಿಗ್ಗೆ ಕಾರ್ಮಿಕರ ಸೌಲಭ್ಯ ನೋಡಲು ಸರ್ಕಾರದ ಕಡೆಯಿಂದ ಒಬ್ಬ ಮೇಡಂ ಬರುತ್ತಾರೆಂದು ಸುದ್ದಿ ಬಂತು. ಷಡಕ್ಷರಿ ಓಡಾಡಿ ನಮ್ಮನ್ನೆಲ್ಲ ಕೌಂಟರಿನ ಹಿಂದೆ ಸಾಲಾಗಿ ಇರಿಸಿದರು. ಪ್ಲಾಸ್ಟಿಕ್ ಕಿತ್ತು ಹಾಕಿದರು. ನನ್ನ ಸೀಟಿಗೆ ಎರಡು ವರ್ಷ ಕಳೆದ ಮೇಲೆ ಗಾಳಿ ತಾಕಿತು. ಗಿರಾಕಿ ಇಲ್ಲದಾಗ ಎಲ್ಲರೂ ಕೂತಿರಬೇಕು ಎಂದು ಹೇಳಿ ಅವರು ಕೆಳಗೆ ಹೋದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ, ಗುರುತಿಲ್ಲದವರ ಮನೆಯಲ್ಲಿ ಕೂರುವಂತೆ ಸೀಟಿನ ತುದಿಯಲ್ಲಿ ಕೂತರು. ಶಿವರತ್ನ ನನ್ನ ಮೇಲೆ ಕೂತಳು. ಅವಳ ಭಾರ ನಾಲ್ಕಾಣೆಯಷ್ಟು ನನ್ನ ಮೇಲಿತ್ತು, ಹನ್ನೆರಡಾಣೆ ಇನ್ನೂ ಅವಳ ಕಾಲ ಮೇಲೇ ಇತ್ತು.

ಮೇಡಂ ಬಂದರು. ಧೂಳು ಮೆತ್ತಿದ ಸಾದಾ ಚಪ್ಪಲಿ, ನಿಧಾನದ ಹೆಜ್ಜೆ. ಎಲ್ಲ ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಇನ್ನೇನು ಹೊರಡಬೇಕು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಲಾಳದ ಸದ್ದು ಕೇಳಿತು. ಷಡಕ್ಷರಿ ಒಳಗೆ ಬಂದರು. ಹದಿನಾರು ಹೆಂಗಸರೂ ಒಮ್ಮೆಗೇ ಎದ್ದು ನಿಂತರು.

ಯಾರೂ ಬೇಕೆಂದು ಎದ್ದದ್ದಲ್ಲ. ಅವರ ಕಾಲುಗಳೇ ಎದ್ದವು. ಮೇಡಂ ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ಷಡಕ್ಷರಿ ಕೂತ್ಕೊಳ್ಳಿ ಕೂತ್ಕೊಳ್ಳಿ ಎಂದಷ್ಟೂ ಹೆಂಗಸರು ಇನ್ನೂ ನೆಟ್ಟಗೆ ನಿಂತರು. ಆ ಮೇಡಂ ಬುದ್ಧಿವಂತರು. ಕಂಡದ್ದನ್ನು ಬರೆದುಕೊಂಡು ಹೋದರು. ಹತ್ತು ದಿನದಲ್ಲಿ ಕಂಪನಿಗೆ ನೋಟೀಸು ಬಂತು, ತಿಂಗಳೊಳಗೆ ಮತ್ತೆ ಬಂದು ನೋಡುತ್ತೇವೆ ಎಂದು.

ಆಮೇಲೆ ನಡೆದದ್ದನ್ನು ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ. ಇನ್ನು ಮೇಲೆ ಇವರನ್ನು ಕೂರಲು ಬಿಡುತ್ತಾರೆ ಎಂದು ನಾನು ಹಿಗ್ಗಿದ್ದೆ. ಬಿಡಲಿಲ್ಲ. ಏಳದೆ ಇರುವುದನ್ನು ಕಲಿಸಿದರು. ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಹತ್ತು ನಿಮಿಷ ಅಭ್ಯಾಸ. ಹದಿನಾರು ಜನ ನಮ್ಮ ಮೇಲೆ ಕೂರಬೇಕು. ಷಡಕ್ಷರಿ ಮೆಟ್ಟಿಲಿಳಿದು ಹೋಗಿ, ಲಾಳದ ಸದ್ದು ಮಾಡುತ್ತಾ ಹತ್ತಿ ಬರಬೇಕು. ಆಗ ಯಾರೂ ಏಳಕೂಡದು. ಮೊದಲ ದಿನ ಎಲ್ಲರೂ ಎದ್ದರು. ಎರಡನೆಯ ದಿನ ಒಂಬತ್ತು ಜನ. ಷಡಕ್ಷರಿ ಬೈಯಲಿಲ್ಲ, ಮತ್ತೆ ಇಳಿದು ಮತ್ತೆ ಹತ್ತಿದರು. ಹೆಂಗಸರು ಏಳದಿರಲು ಎರಡೂ ಕೈಯಿಂದ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಶಿವರತ್ನಳ ಉಗುರಿನ ಗುರುತು ಈಗಲೂ ನನ್ನ ರೆಕ್ಸಿನ್ನಿನ ಅಡಿಯಲ್ಲಿದೆ. ಅಭ್ಯಾಸ ಮುಗಿದ ಕೂಡಲೇ ನಮ್ಮನ್ನು ಗೋಡೆಗೆ ಸರಿಸಿ, ಶಟರು ಎತ್ತಿ, ಎಲ್ಲರೂ ರಾತ್ರಿಯವರೆಗೆ ನಿಲ್ಲುತ್ತಿದ್ದರು.

ಮೇಡಂ ಮತ್ತೆ ಬಂದ ದಿನ ಯಾರೂ ಏಳಲಿಲ್ಲ. ಷಡಕ್ಷರಿ ಬಂದರು, ಹೋದರು, ಮತ್ತೆ ಬಂದರು. ಹದಿನಾರು ಜನ ಕಲ್ಲಿನಂತೆ ಕೂತಿದ್ದರು. ಆದರೂ ಮೇಡಂಗೆ ಏನೋ ಅನುಮಾನ ಉಳಿದಿತ್ತು. ಷಡಕ್ಷರಿಯನ್ನು ಕೆಳಗೆ ಕಳುಹಿಸಿ, ನೇರವಾಗಿ ಶಿವರತ್ನಳ ಎದುರು ಬಂದು ನಿಂತರು. ಆ ಹೊತ್ತಿಗೆ ಅವಳು ನನ್ನ ಮೇಲೆ ಕೂತು ಅರ್ಧ ಗಂಟೆಯಾಗಿತ್ತು. ಮೊದಲ ಬಾರಿಗೆ ಪೂರ್ತಿ ಭಾರ ಬಿಟ್ಟಿದ್ದಳು. ಅವಳ ಪಾದದ ಊತ ಇಳಿದು, ಕಾಲುಂಗುರ ಸಡಿಲವಾಗಿ ಬೆರಳಲ್ಲಿ ಆಡುತ್ತಿತ್ತು.

"ನಿಜ ಹೇಳಮ್ಮ. ದಿನಾ ಹಿಂಗೇ ಕೂರ್ತೀರಾ?" ಎಂದರು ಮೇಡಂ.

ಹೇಳು ಎಂದು ನಾನು ಕಾಲು ಗಟ್ಟಿ ಮಾಡಿ ಕಾದೆ. ಸೀರೆಯನ್ನು ನಾಲ್ಕು ಬೆರಳು ಮೇಲೆತ್ತಿ ತೋರಿಸಿದ್ದರೂ ಸಾಕಾಗಿತ್ತು, ಮಾತೇ ಬೇಕಿರಲಿಲ್ಲ. ಅವಳ ಬೆರಳು ಸೀರೆಯ ನೆರಿಗೆಯ ಮೇಲೆ ಒಂದು ಗಳಿಗೆ ನಿಂತವು. ಪಕ್ಕದಲ್ಲಿ ಕೋಮಲ ಎರಡೂ ಕೈಯಿಂದ ಸೀಟಿನ ಅಂಚು ಹಿಡಿದಿದ್ದಳು. ಶಿವರತ್ನ ಕ್ಯಾಮೆರಾದ ಕಡೆ ನೋಡಲಿಲ್ಲ, ಆದರೆ ಅದು ಎಲ್ಲಿದೆ ಎಂದು ಅವಳಿಗೆ ಕಣ್ಣುಮುಚ್ಚಿಯೂ ಗೊತ್ತಿತ್ತು.

"ಕೂರ್ತೀವಿ ಮೇಡಂ. ನಮಗೇನೂ ತೊಂದ್ರೆ ಇಲ್ಲ."

ಮೇಡಂ ಸಹಿ ಹಾಕಿ ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಶಿವರತ್ನಳ ಮೇಲೆ ಒಂದೆರಡು ದಿನ ಇತ್ತು. ಕೂರಿಸಿಕೊಂಡು ಕೂರಿಸಿಕೊಂಡು ನಾನೇ ಅವಳ ಸುಳ್ಳಿಗೆ ಸಾಕ್ಷಿಯಾದೆನಲ್ಲ ಎಂಬ ಸಂಕಟ ಅದು. ಮೇಡಂ ಹೋದ ಮೇಲೆ ಅವಳು ಎದ್ದು, ಕಾಲನ್ನು ನೋಡಿಕೊಂಡು, ಇವತ್ತು ಒಂಚೂರು ಕಾಲು ನಂದೇ ಅನ್ನಿಸ್ತು ಕಣೇ ಎಂದು ಕೋಮಲಳಿಗೆ ಹೇಳಿದಳು. ಸಂಜೆಯೊಳಗೆ ನಮಗೆಲ್ಲ ಹೊಸ ಪ್ಲಾಸ್ಟಿಕ್ ಸುತ್ತಿದರು.

ಇದಾದ ಮೇಲೆ ಆ ಮಹಡಿಯಲ್ಲಿ ನನಗೆ ನೆಮ್ಮದಿ ಇರಲಿಲ್ಲ. ಮಾಗಿದ ಹಣ್ಣಿನ ಸಿಪ್ಪೆಯಂತೆ ಅವಳ ಗಿಣ್ಣಿನ ಚರ್ಮ ದಿನದಿಂದ ದಿನಕ್ಕೆ ತೆಳುವಾಗುತ್ತಿತ್ತು. ಅವಳು ನನ್ನ ಮೇಲೆ ಹತ್ತಿ ಇಳಿದಾಗಲೆಲ್ಲ, ಇವತ್ತಲ್ಲ, ಇವತ್ತಲ್ಲ ಎಂದುಕೊಳ್ಳುತ್ತಿದ್ದೆ. ಯುಗಾದಿ ಮುಗಿಯಿತು. ಬೇಸಿಗೆಯ ಲಗ್ನಗಳು ಬಂದವು.

ಅದೊಂದು ಶುಕ್ರವಾರ, ಮಧ್ಯಾಹ್ನ ಹನ್ನೆರಡರ ಹೊತ್ತು. ತಿಪಟೂರು ಕಡೆಯಿಂದ ಒಂದು ಮದುವೆಯ ಬಳಗ ಧಾರೆ ಸೀರೆ ಕೊಳ್ಳಲು ಬಂದಿತ್ತು. ಹುಡುಗಿ, ಹುಡುಗಿಯ ತಾಯಿ, ನಾಲ್ಕೈದು ಜನ ನೆಂಟರು. ಅವರು ಶಿವರತ್ನಳೇ ಬೇಕೆಂದು ಕೇಳಿ ಬಂದವರು. ಅವಳು ಬೆಳಗಿನಿಂದ ನಿಂತಿದ್ದಳು. ನನ್ನ ಮೇಲೆ ಹತ್ತಿ ಮೇಲಿನ ಅರೆಯ ಪೆಟ್ಟಿಗೆ ಇಳಿಸಿದಳು. ಇಳಿಯುವಾಗ ಗಿಣ್ಣು ನನ್ನ ಬಳೆಗೆ ತಾಕಿತು. ಜೋರಾಗಿಯೇನಲ್ಲ, ಸ್ವಲ್ಪ ಸವರಿಕೊಂಡು ಹೋದಂತೆ. ಅವಳಿಗೆ ನೋಯಲೂ ಇಲ್ಲ. ಅವಳು ಸೀರೆ ಹರಡತೊಡಗಿದಳು. ನಾನು ಮಾತ್ರ ಕಂಡೆ. ಆ ತೆಳುವಾದ ಜಾಗದಿಂದ ರಕ್ತ ಸೂಜಿಯ ಗಾತ್ರದ ಎಳೆಯಾಗಿ ಚಿಮ್ಮಿ, ಸೀರೆಯ ಒಳಗೇ ಹರಿದು, ಹಿಮ್ಮಡಿಗೆ ಇಳಿಯುತ್ತಿತ್ತು.

ನನ್ನ ಬಳೆಯೇ. ಕೂತವರು ಪಾದ ಊರಲೆಂದು ಇಟ್ಟ ಬಳೆ. ಇದನ್ನು ನಾನು ಎಷ್ಟು ಸಲ ಹೇಳಿಕೊಂಡರೂ ಹಗುರವಾಗುವುದಿಲ್ಲ.

ಅಂಥ ನರ ಒಡೆದು ರಕ್ತ ಹರಿದರೆ ನೋವಾಗುವುದಿಲ್ಲವಂತೆ. ಕೆಂಪು ಕಾರ್ಪೆಟ್ಟಿನ ಮೇಲೆ ಕೆಂಪು ಕಾಣಲೂ ಇಲ್ಲ. ಕಾರ್ಪೆಟ್ಟು ಸದ್ದಿಲ್ಲದೆ ಹೀರಿಕೊಂಡಿತು. ಹೆಚ್ಚುಕಡಿಮೆ ಹತ್ತು ನಿಮಿಷ ಅವಳು ಅದರ ಮೇಲೆ ನಿಂತು, ನಗುನಗುತ್ತಾ, ಇದು ಕೊಳ್ಳೇಗಾಲದ್ದು, ಇದರ ಅಂಚು ಎರಡೂ ಕಡೆ ಒಂದೇ ಎಂದು ವಿವರಿಸಿದಳು. ಹುಡುಗಿ ಒಂದು ಸೀರೆ ಮೆಚ್ಚಿದಳು. ಉಡಿಸಿ ತೋರಿಸಲು ಶಿವರತ್ನ ಕೌಂಟರು ಬಳಸಿ ಕನ್ನಡಿಯ ಮುಂದಿನ ಬಿಳಿ ಕಲ್ಲಿನ ಜಗಲಿ ಹತ್ತಿದಳು. ನೆರಿಗೆ ಹಿಡಿದಳು, ಸೆರಗು ಹೊದಿಸಿದಳು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಬಿಳಿ ಕಲ್ಲಿನ ಮೇಲೆ ಅವಳ ಎಡಪಾದ ಅಚ್ಚಾಗಿ ಮೂಡಿತು.

ಹುಡುಗಿಯ ತಾಯಿ ಅದನ್ನು ನೋಡಿ ಸಂತೋಷಪಟ್ಟರು. ಶುಕ್ರವಾರವಲ್ಲವೇ, ಪೂಜೆಯ ಕುಂಕುಮದ ನೀರು ಎಂದುಕೊಂಡರು. ಲಕ್ಷ್ಮಿ ಪಾದ ಮೂಡಿದ ಹಾಗಿದೆ ನೋಡಿ ಎಂದು ನೆಂಟರಿಗೆ ತೋರಿಸಿದರು. ಎಲ್ಲರೂ ಬಾಗಿ ನೋಡಿದರು. ಒಬ್ಬಾಕೆ ಬೆರಳಲ್ಲಿ ಮುಟ್ಟಿ, ಕಣ್ಣಿಗೊತ್ತಿಕೊಳ್ಳಲು ಎತ್ತಿದವರು, ಮೂಗಿನ ಬಳಿ ತಂದು ತಡೆದರು.

ಆಮೇಲಿನದು ಎರಡು ಮೂರು ನಿಮಿಷದ ಕತೆ. ಕಿರುಚಿದವರು ಗಿರಾಕಿಗಳು. ಕೌಂಟರಿನ ಹೆಂಗಸರು ಕಿರುಚಲಿಲ್ಲ. ಅವರು ಮಾಡಿದ್ದೇನು ಗೊತ್ತೇ? ಹರಡಿದ್ದ ಸೀರೆಗಳನ್ನು ಬಾಚಿ ಬಾಚಿ ಎತ್ತಿಕೊಂಡರು. ಕೋಮಲ ನಾಲ್ಕು ಸೀರೆ ಎದೆಗವಚಿಕೊಂಡು ನಿಂತಳು. ಕಲೆ ಬಿದ್ದ ರೇಷ್ಮೆ ಅಂದರೆ ಏನೆಂದು ಅವರ ಕೈಗೆ ಗೊತ್ತಿತ್ತು, ಮನಸ್ಸಿಗಿಂತ ಮೊದಲು ಕೈ ಓಡಿತು. ಶಿವರತ್ನಳೂ ಅದನ್ನೇ ಮಾಡಿದಳು. ತನ್ನ ಕಾಲನ್ನು ನೋಡಿಕೊಂಡದ್ದೇ ಹುಡುಗಿಯ ಮೈಮೇಲಿನ ಧಾರೆ ಸೀರೆಯ ಅಂಚನ್ನು ಎರಡೂ ಕೈಯಿಂದ ಮೇಲೆತ್ತಿ ಹಿಡಿದಳು, ನೆಲಕ್ಕೆ ತಾಕದಂತೆ. ಬೇರೆಯವರು ಬಂದು ಅದನ್ನು ಬಿಚ್ಚಿಕೊಳ್ಳುವವರೆಗೆ ಹಾಗೇ ನಿಂತಿದ್ದಳು.

ಲಾಳದ ಸದ್ದು ಓಡಿ ಬಂತು. ಷಡಕ್ಷರಿ ಗಿರಾಕಿಗಳಿಗೆ ಕೈಮುಗಿದು, ಏನೂ ಇಲ್ಲ, ಏನೂ ಇಲ್ಲ ಎನ್ನುತ್ತಾ ಅವರನ್ನು ಆಚೆಯ ಕೌಂಟರಿಗೆ ಕಳುಹಿಸಿದರು. ಶಿವರತ್ನ ನನ್ನ ಬಳಿ ಬಂದಿದ್ದಳು. ಒಂದು ಕೈ ಪ್ಲಾಸ್ಟಿಕ್ ಸುತ್ತಿದ ನನ್ನ ಸೀಟಿನ ಮೇಲಿತ್ತು. ಆ ಕೈ ತಣ್ಣಗಿತ್ತು.

"ಸಾರ್, ಒಂಚೂರು ಕೂತ್ಕೊಳ್ಳಲಾ?" ಎಂದು ಕೇಳಿದಳು.

ಕೇಳಿದಳು! ನಾನು ಅಲ್ಲೇ ಇದ್ದೆ, ಒಂದು ಗೇಣು ದೂರದಲ್ಲಿ. ಕೇಳದೆ ಕೂತಿದ್ದರೆ ಯಾರೂ ಎಬ್ಬಿಸುತ್ತಿರಲಿಲ್ಲ ಎಂದು ಇವತ್ತಿಗೂ ನನ್ನ ನಂಬಿಕೆ. ಕೂತು, ಮಲಗಿ, ಕಾಲೆತ್ತಿದ್ದರೆ ಆಗುತ್ತಿತ್ತು.

"ಇಲ್ಲಿ ಬ್ಯಾಡಮ್ಮ, ಮದುವೆ ಮನೆಯವ್ರು ಇದಾರೆ. ಕೆಳಗೆ ರೂಮಿಗೆ ಹೋಗು, ಆಟೋ ಕರೆಸ್ತೀನಿ," ಎಂದರು ಅವರು.

ಅವರಿಗೆ ಅದು ಕೇಡಿನ ಮಾತು ಅನ್ನಿಸಲಿಲ್ಲ. ಆಟೋ ಕರೆಸಿಯೂ ಕರೆಸಿದರು. ಲಿಫ್ಟು ಗಿರಾಕಿಗಳದ್ದು, ಕೆಲಸದವರಿಗೆ ಹಿಂದಿನ ಮೆಟ್ಟಿಲು. ಶಿವರತ್ನ ತಲೆಯಾಡಿಸಿ, ಸೀರೆಯ ಅಂಚನ್ನು ಹಿಂಡಿ ಹಿಡಿದು ನಡೆದಳು. ಜೊತೆಗೆ ಹೊರಟ ಕೋಮಲಳನ್ನು, ಮೊದಲು ಆ ಕಲ್ಲು ಒರೆಸು, ಹೊಸ ಗಿರಾಕಿಗಳು ಬರ್ತಿದಾರೆ ಎಂದು ತಡೆದರು. ಕೋಮಲ ಕೂತು ಒರೆಸಿದಳು. ಹಿಂದಿನ ಮೆಟ್ಟಿಲಿನ ಬಾಗಿಲು ಮುಚ್ಚಿಕೊಂಡಿತು.

ಮೊದಲನೆಯ ಮಹಡಿಯ ತಿರುವಿನಲ್ಲಿ ಅವಳು ಬಿದ್ದಿದ್ದಳಂತೆ. ನೀರಿನ ಕ್ಯಾನು ಹೊತ್ತು ಬಂದವರು ಕಂಡರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಅಲ್ಲೇ ಮಲಗಿಸಿ, ಕಾಲು ಮೇಲೆ ಮಾಡಿ, ಒಂದು ತುಂಡು ಬಟ್ಟೆ ಒತ್ತಿ ಕಟ್ಟಿದ್ದರೆ ಉಳಿಯುತ್ತಿದ್ದಳು ಎಂದರಂತೆ ಅಲ್ಲಿನವರು. ಒಂದು ತುಂಡು ಬಟ್ಟೆ. ನಾಲ್ಕು ಮಹಡಿಯ ತುಂಬ ಬೇರೇನಿತ್ತು ಅಲ್ಲಿ?

ಮೂರನೆಯ ದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನನ್ನ ಪ್ಲಾಸ್ಟಿಕ್ ತೆಗೆದು, ಒರೆಸಿ, ಮೇಲೆ ಬಿಳಿ ಬಟ್ಟೆ ಹಾಸಿದರು. ಅದರ ಮೇಲೆ ಶಿವರತ್ನಳ ಫೋಟೋ ಇಟ್ಟು ಸೇವಂತಿಗೆ ಹಾರ ಹಾಕಿದರು. ಗುರುತಿನ ಚೀಟಿಯ ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಿದ್ದು. ಅದಕ್ಕೆ ಭಾರವೇ ಇರಲಿಲ್ಲ. ಷಡಕ್ಷರಿ ಮಾತಾಡಿದರು. ಕಣ್ಣು ನಿಜವಾಗಿಯೂ ತುಂಬಿತ್ತು, ನಾನು ಸುಳ್ಳು ಹೇಳಬಾರದು. ಅಂಥ ಕೆಲಸಗಾರ್ತಿ ಮತ್ತೆ ಸಿಗುವುದಿಲ್ಲ ಎಂದರು. ಕೊನೆಗೆ, ಎಲ್ಲರೂ ಒಂದು ನಿಮಿಷ ಎದ್ದು ನಿಂತು ಮೌನ ಆಚರಿಸೋಣ ಎಂದರು.

ಏಳಲು ಯಾರೂ ಕೂತಿರಲಿಲ್ಲ.

ಮದುವೆ ಸೀರೆಯ ಕೌಂಟರಿನಲ್ಲಿ ಸತ್ತವರ ಫೋಟೋ ಇರಬಾರದೆಂದು ಮಧ್ಯಾಹ್ನಕ್ಕೇ ಅದನ್ನು ತೆಗೆದರು. ನನ್ನ ಮೇಲೆ ಇಟ್ಟದ್ದರಿಂದ ನಾನೂ ಅಶುಭವಾದೆ. ನನ್ನನ್ನು ನೆಲಮಾಳಿಗೆಯ ಗೋಡೌನಿಗೆ ಇಳಿಸಿದರು. ಉಳಿದ ಹದಿನೈದು ಜನ ಮೇಲೇ ಇದ್ದಾರೆ, ಪ್ಲಾಸ್ಟಿಕ್ಕಿನೊಳಗೆ. ಕಾರ್ಪೆಟ್ಟು ಬದಲಿಸಿದ್ದಾರಂತೆ. ಹೊಸದೂ ಕೆಂಪೇ ಅಂತೆ.

ಇಲ್ಲಿಗೆ ಬಂದು ಐದು ವರ್ಷವಾಯಿತು. ಒಂದು ಕಾಲಿಗೆ ತುಕ್ಕು ಹತ್ತಿದೆ, ರೆಕ್ಸಿನ್ ಬಿರುಕು ಬಿಟ್ಟಿದೆ. ಮುರಿದ ಹ್ಯಾಂಗರು, ಮೂಗು ಹೋದ ಬೊಂಬೆ, ಕಳೆದ ವರ್ಷದ ಆಷಾಢದ ಬ್ಯಾನರು ನನ್ನ ನೆರೆಹೊರೆ. ಯಾರನ್ನು ದೂರಲಿ ಎಂದು ಯೋಚಿಸುತ್ತಾ ಕೂತಿರುತ್ತೇನೆ. ಷಡಕ್ಷರಿಯನ್ನು ದೂರಿದರೆ ಅವರ ಮೇಲೆ ಇನ್ನೊಬ್ಬರು, ಅವರ ಮೇಲೆ ಮತ್ತೊಬ್ಬರು. ನನ್ನ ಬಳೆಯನ್ನು ನಾನು ದೂರುತ್ತೇನೆ, ಅದು ಸುಲಭ. ಆದರೆ ಹೆಚ್ಚು ಕಾಡುವುದು ಆ ಒಂದು ಪ್ರಶ್ನೆ, ಕೂತ್ಕೊಳ್ಳಲಾ ಎಂದು ಅವಳು ಕೇಳಿದ್ದು. ಒಬ್ಬ ಹೆಂಗಸು ರಕ್ತ ಹರಿಯುತ್ತಿರುವಾಗಲೂ ಆ ಪ್ರಶ್ನೆ ಕೇಳುವಂತೆ ಮಾಡಲು ಬರೀ ಒಂಬತ್ತು ವರ್ಷ ಸಾಕು ಎಂಬುದು ನನಗೆ ಗೊತ್ತಿರಲಿಲ್ಲ.

ಈಗ ರೇಷ್ಮೆ ಕೌಂಟರಿಗೆ ಕೋಮಲಳೇ ಹಿರಿಯಳು. ಪಾದ ಬದಲಿಸುವುದನ್ನು ಅವಳು ಬಿಟ್ಟಿದ್ದಾಳೆ. ನಿನ್ನೆ ಸ್ಟಾಕು ತರುವ ನೆಪ ಮಾಡಿ ಗೋಡೌನಿಗೆ ಇಳಿದು ಬಂದಳು. ಇಲ್ಲಿ ಕ್ಯಾಮೆರಾ ಇಲ್ಲ. ಆದರೂ ಬಾಗಿಲ ಕಡೆ ಎರಡು ಸಲ ನೋಡಿದಳು. ಆಮೇಲೆ ನನ್ನ ಮೇಲಿನ ಧೂಳು ಒರೆಸಿ, ಮೆಲ್ಲಗೆ ಕೂತಳು. ಪೂರ್ತಿ ಭಾರ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಬಿಟ್ಟಾಗ ನನ್ನ ತುಕ್ಕು ಹಿಡಿದ ಕಾಲು ಕಿರುಗುಟ್ಟಿತು, ಆದರೆ ನಾನು ಗಟ್ಟಿಯಾಗಿ ನಿಂತೆ. ಅವಳು ಸೀರೆಯನ್ನು ಮಂಡಿಯವರೆಗೆ ಎತ್ತಿ ಎಡಗಾಲಿನ ಮೀನಖಂಡ ನೋಡಿಕೊಂಡಳು. ಅಲ್ಲಿ ಒಂದು ನೀಲಿ ಎಳೆ ಇತ್ತು. ಇನ್ನೂ ಉಬ್ಬಿರಲಿಲ್ಲ. ಅದನ್ನು ಹೆಬ್ಬೆರಳಿನಿಂದ ಒತ್ತಿದಳು, ಅದು ಮಾಯವಾಯಿತು. ಬಿಟ್ಟಳು, ಮತ್ತೆ ಬಂತು. ಹೀಗೆ ಮೂರು ನಾಲ್ಕು ಸಲ ಮಾಡಿದಳು.

ಮೇಲಿನಿಂದ ಯಾರೋ ಅವಳ ಹೆಸರು ಹಿಡಿದು ಕರೆದರು.

ಅವಳು ಸೀರೆ ಇಳಿಸಿ, ಬಂದೆ ಸಾರ್ ಎಂದು ಎದ್ದಳು. ಹೋಗುವ ಮೊದಲು ತಿರುಗಿ, ಕೂತಿದ್ದು ಗೊತ್ತಾಗದಂತೆ ನನ್ನ ಸೀಟಿನ ಮೇಲೆ ಮತ್ತೆ ಒಂದು ಹಿಡಿ ಧೂಳು ಸವರಿ ಹೋದಳು.